ಹೆಂಗೂ ಮೈಸೂರಲ್ಲೇ ಇದ್ದೀರಲ್ಲ!

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಲ್ಲಿ ಏಳುನೂರು ಹತ್ತಿ, ನಂದಿ ಹತ್ರ ಕೂತು ಏದುಸಿರು ಬಿಡ್ತಿದ್ದೆ. ಫೋನ್ ಬಂತು. ಬಾಸು. "ರಜೆ ಅಂತ ಗೊತ್ತು. ಆದ್ರೂ ಹೆಂಗೂ ಮೈಸೂರಲ್ಲೇ ಇದ್ದೀರಲ್ಲ, ಸಮ್ಮೇಳನದ ರಿಪೋರ್ಟು ಮಧ್ಯಾಹ್ನದೊಳಗೆ ಕಳಿಸಿಬಿಡಿ."

ಮೈಸೂರಲ್ಲಿರೋದಕ್ಕೂ ರಿಪೋರ್ಟಿಗೂ ಏನ್ರೀ ಸಂಬಂಧ? ನಂದಿ ಟೈಪ್ ಮಾಡಿಕೊಡುತ್ತಾ?

ಪ್ರತಿ ಸಲವೂ ಇದೇ ಗೋಳು. ಕೆಲಸಕ್ಕೆ ಹೋದ ಊರಲ್ಲಿ ಸ್ವಂತ ರಜೆ, ಸ್ವಂತ ದುಡ್ಡು ಹಾಕಿ ಒಂದೇ ಒಂದು ದಿನ ಉಳಿದರೂ ಅದು ಊರವರ ಸೊತ್ತು. ಭಾನುವಾರ ಸಂಜೆ 7ಕ್ಕೆ ಅರಮನೆ ದೀಪ ಹತ್ತೋ ಹೊತ್ತಲ್ಲಿ ನಾನೆಲ್ಲಿದ್ದೆ? ಕಿಟಕಿಯಿಲ್ಲದ ಹಾಲಲ್ಲಿ, ಯಾರದ್ದೋ ತೊಂಬತ್ತನೇ ಸ್ಲೈಡಿನ ಮುಂದೆ. ಸೋಮವಾರ ಸಮಾರೋಪ, ವಂದನಾರ್ಪಣೆಯೇ ಮುಕ್ಕಾಲು ಗಂಟೆ, ಮೈಕಿನವನಿಗೂ ಸೇರಿಸಿ. ಉಳಿದಿದ್ದು ಮಂಗಳವಾರ. ಮಂಗಳವಾರ ಮೃಗಾಲಯಕ್ಕೆ ರಜೆ! ಹುಲಿಗೂ ವಾರಕ್ಕೊಂದು ರಜೆ ಸಿಗುತ್ತೆ ಕಣ್ರೀ, ನನಗಿಲ್ಲ.

ಇನ್ನು ಮನೆಯವರ ಪಟ್ಟಿ. ಅತ್ತೆಗೆ ಮೈಸೂರು ಪಾಕು ("ಮೆತ್ತಗಿರೋದೇ ತಗೊಳ್ಳಿ, ಹೋದ್ಸಲದ್ದು ಇಟ್ಟಿಗೆ"), ನಾದಿನಿಗೆ ಊದಿನಕಡ್ಡಿ, ಪಕ್ಕದ ಮನೆಯವರಿಗೆ ನಂಜನಗೂಡು ರಸಬಾಳೆ, ಅದೂ ಜಜ್ಜದ ಹಾಗೆ! ಬಾಳೆಗೊನೆಗೆ ಬಸ್ಸಲ್ಲಿ ಕಿಟಕಿ ಸೀಟು ಬುಕ್ ಮಾಡ್ಲಾ?

ಇಷ್ಟಾದ ಮೇಲೆ ಆಫೀಸ್ ಗ್ರೂಪಲ್ಲಿ ಒಬ್ಬ ಮಹಾನುಭಾವ: "ನಿಮಗೇನಪ್ಪಾ, ಕಂಪನಿ ಖರ್ಚಲ್ಲಿ ಟೂರು!" ನಿನ್ನೆ ರಾತ್ರಿಯ ರೂಮ್ ಬಿಲ್ಲು ನನ್ನ ಜೇಬಲ್ಲೇ ಬೆವರಿಗೆ ನೆಂದು ಮುದ್ದೆಯಾಗಿದೆ.

ಮುನ್ನೂರು ಮೆಟ್ಟಿಲು ಬಾಕಿ. ಅಗೋ, ಮತ್ತೆ ಫೋನು. ನಾದಿನಿ.