ನನ್ನ ಗಾಡಿ ನಾನೇ ಮುಟ್ಟಬಾರದಾ?

ಕಾರಿನೊಳಗೆ ಬರುವ ಗಾಳಿ ಸೋಸುವ ಎಸಿ ಫಿಲ್ಟರ್ ಬದಲಿಸುವುದು ಏನು ಮಹಾ ಕೆಲಸ? ಬಹಳಷ್ಟು ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಕೆಳಗಿಳಿಸಬೇಕು, ಹಿಂದಿನ ಮುಚ್ಚಳ ತೆಗೆಯಬೇಕು, ಹಳೇದು ಎಳೆದು ಹೊಸದು ತೂರಿಸಬೇಕು. ಗಾಳಿಯ ದಿಕ್ಕು ತೋರಿಸುವ ಬಾಣ ನೋಡಿಕೊಂಡರೆ ಸಾಕು. ಇಷ್ಟಕ್ಕೆ ನಿನ್ನೆ ಪುಣೆಯ ಸರ್ವಿಸ್ ಸೆಂಟರ್ ಬಿಲ್ಲಿನಲ್ಲಿ ಲೇಬರ್ ಚಾರ್ಜ್ ಬೇರೆ, ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ!

ಜೊತೆಗೆ ಕೇಳದೇ ಸೇರಿಸಿದ್ದು ಎಷ್ಟು! ಎಂಜಿನ್ ಒಳಗೆ ತೊಳೆಯುವ ಎಂಜಿನ್ ಫ್ಲಶ್, ಎಂಜಿನ್‌ಗೆ ಗಾಳಿ ಬಿಡುವ ಭಾಗದ ಥ್ರಾಟಲ್ ಬಾಡಿ ಕ್ಲೀನಿಂಗ್, ತಳಕ್ಕೆ ತುಕ್ಕು ಹಿಡಿಯದಂತೆ ಬಳಿಯುವ ಅಂಡರ್‌ಬಾಡಿ ಕೋಟಿಂಗ್. "ಮಳೆಗಾಲ ಅಲ್ವಾ ಸರ್, ಮಾಡಿಸಿಬಿಡಿ" ಅಂತಾರೆ. ಯಾಕೆ ಬೇಕು ಅಂದರೆ ಉತ್ತರವಿಲ್ಲ. ಗಾಜಿನಾಚೆ ಕೂರಿಸಿ ಚಹಾ ಕೊಟ್ಟರೆ ಮುಗೀತಾ? ಒಳಗೆ ಏನು ಬಿಚ್ಚಿದರು, ಏನು ಹಾಕಿದರು ಅಂತ ನಾನು ನೋಡಬಾರದಾ?

ಸರಿ, ನಾನೇ ಮಾಡ್ತೀನಿ ಅಂದರೆ ಜಾಗ ಎಲ್ಲಿದೆ? ಪುಣೆಯದೇ ನಾನಾ ಪೇಠೆ ಅನ್ನೋ ಬಡಾವಣೆಗೆ ಹೋದರೆ ಬಿಡಿಭಾಗ ಸಿಗುತ್ತವೆ. ಆದರೆ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿ ಪಾರ್ಕಿಂಗ್‌ನಲ್ಲಿ ಬಾನೆಟ್ ಎತ್ತಿದ ಕೂಡಲೇ ವಾಚ್‌ಮನ್ ಹಾಜರು. "ಸಾಹೇಬ್, ಇಥೆ ಚಾಲಣಾರ್ ನಾಹಿ." ಅಂದರೆ, ಇದೆಲ್ಲ ಇಲ್ಲಿ ನಡೆಯಲ್ಲ ಅಂತ. ನೋಟಿಸ್ ಬೋರ್ಡ್ ಕಡೆ ಬೆರಳು ತೋರಿಸುತ್ತಾನೆ. ಎರಡು ಕಂಬಗಳ ಮಧ್ಯೆ ಕಾರಿನ ಬಾಗಿಲೇ ಪೂರ್ತಿ ತೆರೆಯುವುದಿಲ್ಲ, ಜಾಕ್ ಎಲ್ಲಿ ಇಡಲಿ? ಇಳಿಸಿದ ಹಳೇ ಆಯಿಲ್ ಯಾರಿಗೆ ಕೊಡಲಿ? ಚರಂಡಿಗೆ ಸುರಿಯಬೇಕಾ?

ಇದರ ಮೇಲೆ ವಾರಂಟಿ ಬೆದರಿಕೆ. "ಹೊರಗಿನವರು ಕೈ ಹಾಕಿದರೆ ವಾರಂಟಿ ಹೋಗುತ್ತೆ ಸರ್." ವೈಪರ್ ಬ್ಲೇಡ್ ಬದಲಿಸಿದರೂನಾ? ಬಲ್ಬ್ ಹಾಕಿದರೂನಾ? ದುಡ್ಡು ಕಟ್ಟುವಾಗ ಮಾತ್ರ ಗಾಡಿ ನನ್ನದು, ಅಲ್ವಾ?