ಮೆರವಣಿಗೆಗೆ ಅನುಮತಿ ಕೇಳುವುದೋ, ಮಾಹಿತಿ ಕೊಡುವುದೋ?

ಕಲಬುರಗಿಯಲ್ಲಿ ಮೆರವಣಿಗೆ ತೆಗೆಯಬೇಕೆಂದರೆ ಪೊಲೀಸರ ಅನುಮತಿ ಬೇಕು. ನಾನಿರುವ ಇಂಗ್ಲೆಂಡಿನಲ್ಲಿ ಪೊಲೀಸರಿಗೆ ಮಾಹಿತಿ ಕೊಟ್ಟರೆ ಸಾಕು. ನಮ್ಮ ಕಡೆ ಪ್ರತಿಭಟನೆ, ಪೂಜೆ, ಪ್ರಾರ್ಥನೆಗಳ ಸುತ್ತ ಏಳುವ ಎಷ್ಟೋ ತಕರಾರುಗಳ ಬೇರು ಈ ಒಂದು ವ್ಯತ್ಯಾಸದಲ್ಲಿದೆ ಎಂಬುದು ನನ್ನ ಅನಿಸಿಕೆ.

ಇಂಗ್ಲೆಂಡ್ ಮತ್ತು ವೇಲ್ಸಿನ 1986ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯ ಪ್ರಕಾರ, ಮೆರವಣಿಗೆಗೆ ಪೂರ್ತಿ ಆರು ದಿನ ಮುಂಚೆ ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ತಿಳಿಸಬೇಕು. ದಿನಾಂಕ, ಹೊರಡುವ ಸಮಯ, ದಾರಿ, ಸಂಘಟಕರ ಹೆಸರು ಮತ್ತು ವಿಳಾಸ, ಇಷ್ಟಿದ್ದರೆ ಆಯಿತು. ಒಂದೇ ಕಡೆ ನಿಂತು ಮಾಡುವ ಪ್ರತಿಭಟನೆಗೆ ಅದೂ ಬೇಡ. ರೂಢಿಯಿಂದ ನಡೆದು ಬಂದ ಮೆರವಣಿಗೆಗೆ, ಶವಯಾತ್ರೆಗೆ ವಿನಾಯಿತಿ ಇದೆ. ಈ ನಿಯಮ ನಮ್ಮಲ್ಲಿದ್ದರೆ ಶರಣಬಸವೇಶ್ವರರ ರಥೋತ್ಸವವೂ ಬಂದೇನವಾಜರ ಉರುಸಿನ ಸಂದಲ್ ಮೆರವಣಿಗೆಯೂ ಆ ವಿನಾಯಿತಿಯಲ್ಲೇ ಬರುತ್ತಿದ್ದವು.

ಪೊಲೀಸರು ಅಲ್ಲಿಯೂ ಷರತ್ತು ಹಾಕಬಹುದು. ದಾರಿ ಬದಲಿಸಿ, ಇಷ್ಟು ಗಂಟೆಗೆ ಮುಗಿಸಿ ಎನ್ನಬಹುದು. ಆದರೆ ಮುಂಚಿತವಾಗಿ ಹಾಕುವ ಷರತ್ತು ಬರವಣಿಗೆಯಲ್ಲಿರಬೇಕು. ಪೂರ್ತಿ ನಿಷೇಧಿಸುವುದು ಇನ್ನೂ ಕಷ್ಟ. ಷರತ್ತಿನಿಂದ ಗಂಭೀರ ಗಲಭೆ ತಡೆಯಲಾಗದು ಎನ್ನಿಸಿದರೆ ಮಾತ್ರ ಪೊಲೀಸ್ ಮುಖ್ಯಸ್ಥರು ಸ್ಥಳೀಯ ಕೌನ್ಸಿಲ್‌ಗೆ ಅರ್ಜಿ ಹಾಕಬೇಕು (ಲಂಡನ್ನಿನಲ್ಲಿ ಈ ಹಂತವಿಲ್ಲ), ನಿಷೇಧಕ್ಕೆ ಗೃಹಮಂತ್ರಿಯ ಒಪ್ಪಿಗೆ ಬೇಕು, ಅವಧಿ ಮೂರು ತಿಂಗಳು ಮೀರುವಂತಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಒಂದು ಸಂಘಟನೆಯ ಒಂದು ಮೆರವಣಿಗೆಯನ್ನು ಮಾತ್ರ ಆರಿಸಿ ನಿಷೇಧಿಸಲು ಬರುವುದಿಲ್ಲ. ಆ ಪ್ರದೇಶದಲ್ಲಿ ಎಲ್ಲ ಮೆರವಣಿಗೆಗಳನ್ನೋ ಒಂದು ಬಗೆಯ ಎಲ್ಲವನ್ನೋ ನಿಷೇಧಿಸಬೇಕು. ಆಗ ಅಧಿಕಾರಿ ಸಹಿ ಹಾಕುವ ಮುನ್ನ ಹತ್ತು ಸಲ ಯೋಚಿಸುತ್ತಾನೆ.

ಹಾಗೆಂದು ನಮ್ಮ ಸಂವಿಧಾನ ಹಿಂದೆ ಬಿದ್ದಿಲ್ಲ. ಶಾಂತಿಯಿಂದ, ಆಯುಧವಿಲ್ಲದೆ ಸೇರುವುದು 19ನೇ ವಿಧಿಯ ಹಕ್ಕು. ಬೀದಿಯಲ್ಲಿ ಸಭೆಗಳನ್ನು ಸರ್ಕಾರ ನಿಯಂತ್ರಿಸಬಹುದೇ ಹೊರತು ಪೂರ್ತಿ ಬಂದ್ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ 1972ರಲ್ಲೇ ಹೇಳಿದೆ. ಕಾಯಂ ರಸ್ತೆ ಅಡ್ಡಗಟ್ಟಿ ಕೂರುವ ಹಕ್ಕಿಲ್ಲ ಎಂದು 2020ರಲ್ಲಿ ಶಾಹೀನ್ ಬಾಗ್ ತೀರ್ಪಿನಲ್ಲಿ ಹೇಳಿದೆ. ಈ ಎರಡು ಗೆರೆಗಳ ನಡುವೆ ಜಾಗ ಬೇಕಾದಷ್ಟಿದೆ. ಕೆಡುವುದು ಠಾಣೆಯ ಮೇಜಿನ ಮೇಲೆ.

ತೊಗರಿ ಬೆಲೆಗಾಗಿ ಜಗತ್ ವೃತ್ತದಿಂದ ಜಿಲ್ಲಾಧಿಕಾರಿ ಕಚೇರಿಗೆ ಹೊರಡಬೇಕೆಂದಿರುವ ರೈತ ಸಂಘಟನೆಯನ್ನೇ ತೆಗೆದುಕೊಳ್ಳಿ. ಅರ್ಜಿ ಕೊಡುತ್ತಾರೆ. "ನೋಡೋಣ, ನಾಳೆ ಬರ್ರಿ" ಎಂದು ಕಳಿಸುತ್ತಾರೆ. ಹಿಂದಿನ ಸಂಜೆ ಫೋನಿನಲ್ಲಿ "ಬೇಡ" ಎಂಬ ಮಾತು ಬರುತ್ತದೆ, ಕಾಗದ ಬರುವುದಿಲ್ಲ. ಕಾಗದವಿಲ್ಲದಿದ್ದರೆ ಕೋರ್ಟಿನಲ್ಲಿ ಪ್ರಶ್ನಿಸುವುದು ಯಾವುದನ್ನು? ಅದಕ್ಕೆ ಸಂಘಟಕರು ಒಂದಿಷ್ಟು ಶಿಸ್ತು ಇಟ್ಟುಕೊಳ್ಳಲೇಬೇಕು. ಅರ್ಜಿ ಎರಡು ಪ್ರತಿ ಇರಲಿ. ಒಂದರ ಮೇಲೆ ಠಾಣೆಯ ಮೊಹರು, ದಿನಾಂಕ, ತೆಗೆದುಕೊಂಡವರ ಸಹಿ ಬೀಳಲಿ. ಹೊರಡುವ ಮತ್ತು ಮುಗಿಯುವ ಜಾಗ, ಪ್ರತಿ ವೃತ್ತ ದಾಟುವ ಅಂದಾಜು ಸಮಯ, ಜನರ ಸಂಖ್ಯೆ, ಟ್ರ್ಯಾಕ್ಟರ್ ಇದ್ದರೆ ಎಷ್ಟು, ಸ್ವಯಂಸೇವಕರ ಹೆಸರು ಮತ್ತು ಮೊಬೈಲ್ ಬರೆಯಲಿ. ಮೈಕಿಗೆ ಬೇರೆಯೇ ಅರ್ಜಿ ಹಾಕಲಿ, ಇದನ್ನು ಮರೆತು ಕೊನೆ ಗಳಿಗೆಯಲ್ಲಿ ಒದ್ದಾಡುವವರೇ ಹೆಚ್ಚು. "ಸುಮಾರು ಜನ, ಮುಖ್ಯ ರಸ್ತೆಗಳಲ್ಲಿ" ಎಂದು ಬರೆದ ಅರ್ಜಿಯನ್ನು ತಳ್ಳಿಹಾಕುವುದು ಸುಲಭ.

ಇನ್ನೊಂದು ತೊಡಕು ಚಿತ್ತಾಪುರದಲ್ಲಿ ಎಲ್ಲರ ಕಣ್ಣೆದುರೇ ನಡೆಯಿತು. 2025ರ ಅಕ್ಟೋಬರಿನಲ್ಲಿ ಆರೆಸ್ಸೆಸ್ ಪಥಸಂಚಲನಕ್ಕೆ ಅರ್ಜಿ ಹಾಕಿತು. ಭೀಮ್ ಆರ್ಮಿ ಮುಂತಾದ ಸಂಘಟನೆಗಳು ತಾವೂ ಅದೇ ದಿನ ಮೆರವಣಿಗೆ ಮಾಡುತ್ತೇವೆಂದವು. ಶಾಂತಿಭಂಗವಾಗುತ್ತದೆಂದು ತಹಶೀಲ್ದಾರರು ಅನುಮತಿ ನಿರಾಕರಿಸಿದರು. ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ವಿಚಾರಣೆ, ಶಾಂತಿ ಸಭೆ ಎಲ್ಲ ಮುಗಿದು ನವೆಂಬರ್ 16ರಂದು ವಾದ್ಯದವರನ್ನು ಬಿಟ್ಟು 300 ಜನರ ಮಿತಿಯಲ್ಲಿ ಸಂಚಲನ ನಡೆಯಿತು. ಇದೇ ಹೊತ್ತಿನಲ್ಲಿ, ಸರ್ಕಾರಿ ಜಾಗದಲ್ಲಿ ಹತ್ತಕ್ಕಿಂತ ಹೆಚ್ಚು ಜನ ಸೇರಲು ಪೂರ್ವಾನುಮತಿ ಬೇಕೆಂದ ರಾಜ್ಯದ ಆದೇಶಕ್ಕೆ ಧಾರವಾಡ ಪೀಠ ಮಧ್ಯಂತರ ತಡೆ ಕೊಟ್ಟಿತು. ಆ ಸಂಘಟನೆ ನಿಮಗೆ ಹಿಡಿಸಲಿ ಬಿಡಲಿ, ಎದುರಾಳಿ ಒಂದು ಅರ್ಜಿ ಹಾಕಿದ ಮಾತ್ರಕ್ಕೆ ಎಲ್ಲರ ಹಕ್ಕೂ ಬಿದ್ದುಹೋಗುವುದಾದರೆ ನಾಳೆ ದಲಿತರ ಮೆರವಣಿಗೆಯನ್ನು ನಿಲ್ಲಿಸಲೂ ಅದೇ ಅಸ್ತ್ರ ಸಾಕು. ಮಾಡಬೇಕಾದದ್ದು ದಿನ, ದಾರಿ, ಹೊತ್ತು ಹಂಚುವ ಕೆಲಸ.

ಅದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಆಳಂದದ ಲಾಡ್ಲೆ ಮಶಾಯಕ್ ದರ್ಗಾದಲ್ಲಿ 2023ರಲ್ಲಿ ಶಿವರಾತ್ರಿಯೂ ಉರುಸೂ ಒಟ್ಟಿಗೆ ಬಂದಾಗ ವಕ್ಫ್ ನ್ಯಾಯಮಂಡಳಿ ಬೆಳಿಗ್ಗೆ 8ರಿಂದ 12 ಉರುಸಿನ ವಿಧಿಗೆ, ಮಧ್ಯಾಹ್ನ 2ರಿಂದ 6 ಅದೇ ಆವರಣದಲ್ಲಿರುವ ರಾಘವ ಚೈತನ್ಯರ ಶಿವಲಿಂಗದ ಪೂಜೆಗೆ ಎಂದು ಹೊತ್ತು ಹಂಚಿತು, ಒಂದೊಂದು ಕಡೆಯಿಂದ 15 ಜನ. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಡುವಿನ ಎರಡು ತಾಸು ಖಾಲಿ ಬಿಟ್ಟದ್ದರಲ್ಲಿ ವಿವೇಕವಿದೆ. ಒಂದು ಗುಂಪು ಹೊರಬರುವಾಗಲೇ ಇನ್ನೊಂದು ಒಳಗೆ ಹೋಗುವಂತಾದರೆ ಬಾಗಿಲಲ್ಲೇ ಘೋಷಣೆ ಶುರುವಾಗುತ್ತದೆ.

ಇಂಗ್ಲೆಂಡಿನದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಗರ್ಭಪಾತ ಚಿಕಿತ್ಸಾಲಯಗಳ ಸುತ್ತ 150 ಮೀಟರ್ ಒಳಗೆ ಬಂದವರ ಮೇಲೆ ಪ್ರಭಾವ ಬೀರುವುದು, ಅಡ್ಡಿ ಮಾಡುವುದು, ಕಿರುಕುಳ ಕೊಡುವುದು 2024ರ ಅಕ್ಟೋಬರ್ 31ರಿಂದ ಅಪರಾಧ. ಹೆಣ್ಣುಮಗಳೊಬ್ಬಳು ನೋವಿನಲ್ಲಿ ಆಸ್ಪತ್ರೆಗೆ ಬರುವಾಗ ಯಾರೂ ಅಡ್ಡ ನಿಲ್ಲಬಾರದು, ಆ ಅಂತರ ಬೇಕೇ ಬೇಕು. ಆದರೆ ಅದಕ್ಕೂ ಮೊದಲು, 2022ರಲ್ಲಿ, ಬೋರ್ನ್‌ಮೌತ್‌ನಲ್ಲಿ ಅಲ್ಲಿನ ಕೌನ್ಸಿಲ್ ಹೊರಡಿಸಿದ್ದ ಆದೇಶದಡಿ ಒಬ್ಬ ಮಾಜಿ ಸೈನಿಕನ ಮೇಲೆ ಪ್ರಕರಣವಾಯಿತು. ಆತ ಚಿಕಿತ್ಸಾಲಯಕ್ಕೆ ಬೆನ್ನು ಮಾಡಿ, ತಲೆ ತಗ್ಗಿಸಿ, ಮೌನವಾಗಿ ಪ್ರಾರ್ಥಿಸುತ್ತಿದ್ದ. ಏನೆಂದು ಪ್ರಾರ್ಥಿಸುತ್ತಿದ್ದೀರಿ ಎಂದು ಅಧಿಕಾರಿ ಕೇಳಿದರು. ಹೊರಡಿ ಎಂದರೂ ಹೋಗದ ಕಾರಣ 2024ರಲ್ಲಿ ಕೋರ್ಟ್ ಆತನನ್ನು ತಪ್ಪಿತಸ್ಥ ಎಂದಿತು. ಇಲ್ಲಿ ಕಾನೂನು ಗೆರೆ ದಾಟಿದೆ. ದಾರಿ ಕಟ್ಟಿದನೇ, ಕೂಗಿದನೇ, ಬೆದರಿಸಿದನೇ ಎಂದು ಕೇಳಲಿ, ಮನಸ್ಸಿನೊಳಗೆ ಏನಿತ್ತೆಂದು ಕೇಳುವ ಅಧಿಕಾರ ಪೊಲೀಸರಿಗೆ ಬೇಡ.

ನಮ್ಮ ರಸ್ತೆಯ ಪ್ರಾರ್ಥನೆಗೂ ಇದೇ ಅಳತೆ ಸಾಕು. ನಮಾಜಿರಲಿ, ಗಣೇಶ ವಿಸರ್ಜನೆಯ ಡಿಜೆ ಇರಲಿ, ಕೇಳಬೇಕಾದದ್ದು ರಸ್ತೆ ಎಷ್ಟು ಹೊತ್ತು ಕಟ್ಟಿತು, ಆಂಬುಲೆನ್ಸಿಗೆ ದಾರಿ ಇತ್ತೇ, ಸದ್ದು ಎಷ್ಟಿತ್ತು ಎಂಬುದಷ್ಟೇ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಸಾಮಾನ್ಯವಾಗಿ ನಿಷಿದ್ಧ. ಅಳೆಯುವ ಮೀಟರ್ ಠಾಣೆಯಲ್ಲಿರಬೇಕು, ಅದರ ಅಂಕಿ ಪಂಚನಾಮೆಯಲ್ಲಿ ಬರಬೇಕು. ಇಲ್ಲದಿದ್ದರೆ ಪ್ರಕರಣ ಧರ್ಮ ನೋಡಿ ಹಾಕಿದಂತೆ ಕಾಣುತ್ತದೆ, ಕೋರ್ಟಿನಲ್ಲೂ ನಿಲ್ಲುವುದಿಲ್ಲ.

ಮಾತಿನ ಮಿತಿಯ ಬಗ್ಗೆ ಒಂದೇ ಸಂಗತಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ದೈವನಿಂದನೆಯ ಅಪರಾಧ 2008ರಲ್ಲಿ ರದ್ದಾಯಿತು. ನಮ್ಮಲ್ಲಿ ಧಾರ್ಮಿಕ ಭಾವನೆ ಕೆರಳಿಸುವುದರ ವಿರುದ್ಧ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು ಉಳಿದಿದೆ, ಆದರೆ ಅದಕ್ಕೆ ಉದ್ದೇಶಪೂರ್ವಕ, ದುರುದ್ದೇಶದ ಅವಮಾನವೇ ಬೇಕು. ವಾಟ್ಸಾಪ್ ಸ್ಟೇಟಸ್ ನೋಡಿ ರಾತ್ರೋರಾತ್ರಿ ಎಫ್‌ಐಆರ್ ಹಾಕುವವರು ಈ ಶಬ್ದಗಳನ್ನು ಓದಿರುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿಯ ಅಧಿಕಾರಿಗಳಲ್ಲಿ ನಾನು ಕೇಳುವುದು ಇಷ್ಟೇ. ಅರ್ಜಿ ಬಂದ 48 ತಾಸಿನಲ್ಲಿ ಉತ್ತರ ಬರವಣಿಗೆಯಲ್ಲಿ ಕೊಡಿ. ಇಲ್ಲ ಎಂದರೆ ಏಕೆ ಎಂದು ಬರೆಯಿರಿ, ಬದಲಿ ದಿನ ಅಥವಾ ದಾರಿ ಸೂಚಿಸಿ. ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನ (ಹಿಂದಿನ 144) ನಿಷೇಧಾಜ್ಞೆ ಹೊರಡಿಸಿದರೆ ಕಾರಣ ಸಮೇತ ಪ್ರಕಟಿಸಿ, 2020ರಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೇಳಿದ್ದೂ ಅದನ್ನೇ. ಉತ್ತರ ಮೂರು ದಿನ ಮುಂಚೆ ಕೈಸೇರಿದರೆ, ಒಪ್ಪದವರು ಕಲಬುರಗಿಯಲ್ಲೇ ಇರುವ ಹೈಕೋರ್ಟ್ ಪೀಠಕ್ಕೆ ಹೋಗಿ ಬರಲು ಸಮಯವಿರುತ್ತದೆ.