ಕೊಕ್ಕೋ ಬೆಳೆಗಾರನ ಮಗನ ಗರ್ವಭಂಗ

ಮಧ್ಯ ಅಮೆರಿಕದ ಕೋಸ್ಟಾರಿಕಾ ದೇಶದ ತಲಮಾಂಕಾ ಸೀಮೆಯ ಮೂಲನಿವಾಸಿಗಳಾದ ಬ್ರಿಬ್ರಿ ಜನರ ಮನೆಯೊಂದರಲ್ಲಿ ಹತ್ತು ದಿನ ಇದ್ದು ಅವರ ಬದುಕನ್ನು ಅರಿತು ಬರಬೇಕೆಂದು ವಿಶ್ವವಿದ್ಯಾಲಯದವರು ನಮ್ಮನ್ನು ಕಳುಹಿಸಿದಾಗ, ಸಹಪಾಠಿಗಳೆಲ್ಲ ಸೊಳ್ಳೆಪರದೆಯ ಚಿಂತೆಯಲ್ಲಿದ್ದರೆ ನಾನೊಬ್ಬ ಮಾತ್ರ ನಿಶ್ಚಿಂತನಾಗಿದ್ದೆ. ಬ್ರಿಬ್ರಿಗಳಿಗೆ ಕೊಕ್ಕೋ ಪವಿತ್ರವೆಂದು ಓದಿದ್ದೆ. ನಾನೋ ಪುತ್ತೂರಿನ ಕಡೆಯವನು, ಅಡಿಕೆ ತೋಟದ ನಡುವಿನ ಕೊಕ್ಕೋ ಗಿಡಗಳ ಕೆಳಗೇ ಆಡಿ ಬೆಳೆದವನು. ಸಾಧ್ಯವಾದರೆ ಅವರಿಗೇ ನಾಲ್ಕು ಮಾತು ಹೇಳಿಕೊಟ್ಟು ಬರೋಣವೆಂಬ ಹುಮ್ಮಸ್ಸು ನನ್ನಲ್ಲಿತ್ತು.

ಆ ಹುಮ್ಮಸ್ಸಿಗೆ ಮೊದಲು ತಣ್ಣೀರೆರಚಿದ್ದು ಯೋರ್ಕಿನ್ ನದಿ. ಅದರ ಒಂದು ದಡ ಕೋಸ್ಟಾರಿಕಾ, ಇನ್ನೊಂದು ಪನಾಮಾ. ಉದ್ದನೆಯ ಮರದ ದೋಣಿಯಲ್ಲಿ ಎದ್ದು ನಿಂತು ಪರದೇಶದ ಚಿತ್ರ ತೆಗೆಯಲು ಹೋದವನು ನೀರಿನಲ್ಲಿ ಕುಳಿತಿದ್ದೆ. ಏಳುವಾಗ ನನ್ನ ಎಡಗಾಲು ಯಾವ ದೇಶದಲ್ಲಿತ್ತೆಂದು ಈಗಲೂ ಖಚಿತವಾಗಿ ಹೇಳಲಾರೆ.

ಮನೆಯ ಯಜಮಾನಿ ಅಜ್ಜಿ ನನ್ನ ಕುಲ ಯಾವುದೆಂದು ಸ್ಪ್ಯಾನಿಷಿನಲ್ಲಿ ಕೇಳಿದರು. ಉಪನಯನದಲ್ಲಿ ಕಲಿತ ಗೋತ್ರವನ್ನು ಗಂಭೀರವಾಗಿ ಒಪ್ಪಿಸಿದೆ. ಅದು ತಂದೆಯಿಂದ ಬಂದದ್ದೆಂದು ತಿಳಿದಾಗ ಅಜ್ಜಿ, "ಅದು ನಿನ್ನ ಅಪ್ಪನ ಸಮಾಚಾರವಾಯಿತು, ನಾನು ಕೇಳಿದ್ದು ನಿನ್ನದು" ಎಂದರು. ಬ್ರಿಬ್ರಿಗಳಲ್ಲಿ ಕುಲ ಬರುವುದು ತಾಯಿಯಿಂದ. ನಮ್ಮ ನೆರೆಮನೆಯ ಬಂಟರ 'ಬಳಿ' ಎಂಬ ಕುಲವೂ ಹಾಗೆಯೇ ಎಂಬುದು ನೆನಪಾದದ್ದು ರಾತ್ರಿ ಮಲಗಿದ ಮೇಲೆ.

ಭಾಷೆಯ ವಿಷಯದಲ್ಲಾದರೂ ಮಾನ ಉಳಿಸಿಕೊಳ್ಳೋಣವೆಂದು ಮಕ್ಕಳಿಂದ ಎಣಿಕೆ ಕಲಿತೆ. ನಾವು ಮನುಷ್ಯರಿಗೆ 'ಇಬ್ಬರು', ಉಳಿದದ್ದಕ್ಕೆಲ್ಲ 'ಎರಡು' ಎಂದು ಮುಗಿಸುತ್ತೇವೆ. ಬ್ರಿಬ್ರಿಯಲ್ಲಿ ಮನುಷ್ಯರಿಗೊಂದು, ದುಂಡಗಿನದಕ್ಕೊಂದು, ಚಪ್ಪಟೆಯದಕ್ಕೊಂದು, ಉದ್ದನೆಯದಕ್ಕೊಂದು ಎಂದು ಎಣಿಕೆಯ ಪದಗಳೇ ಬೇರೆಬೇರೆ. ನಾನು ಕಲಿತದ್ದು ಕಿತ್ತಳೆ ಹಣ್ಣುಗಳನ್ನು ಮುಂದಿಟ್ಟುಕೊಂಡು. ಆದ್ದರಿಂದ ಸಂಜೆ ಒಡಹುಟ್ಟಿದವರೆಷ್ಟು ಜನ ಎಂದು ಕೇಳಿದಾಗ, ನನಗೆ ಎರಡು ಉಂಡೆ ತಂಗಿಯರಿದ್ದಾರೆಂದು ಇಡೀ ಮನೆಯೆದುರು ಘೋಷಿಸಿಬಿಟ್ಟೆ. ತಂಗಿಯರಿಗೆ ಇದನ್ನು ಇನ್ನೂ ತಿಳಿಸಿಲ್ಲ.

ಕೊನೆಗೆ ನನ್ನ ಸ್ವಂತ ಕ್ಷೇತ್ರವಾದ ಕೊಕ್ಕೋದ ಸರದಿ ಬಂದಿತು. ಹುಳಿ ಬರಿಸಿ, ಬಿಸಿಲಿಗೆ ಒಣಗಿಸಿದ ಬೀಜಗಳನ್ನು ಅಜ್ಜಿ ಒಲೆಯ ಮೇಲೆ ಹುರಿದು, ಸಿಪ್ಪೆ ಕಳೆದು, ಅಗಲವಾದ ಚಪ್ಪಟೆ ಕಲ್ಲಿನ ಮೇಲೆ ಹರಡಿದರು. ಅರೆಯುವ ಕಲ್ಲನ್ನು ಕಂಡೊಡನೆ ನನ್ನ ಕೈ ತುರಿಸತೊಡಗಿತು. ಒರಳು ನಮಗೇನು ಹೊಸತೇ ಎಂದುಕೊಂಡು, ಅವರು ತಡೆಯುವ ಮೊದಲೇ ಗುಂಡನ್ನು ಹಿಡಿದು ತಿರುಗಿಸಲು ಹೊರಟೆ. ಆದರೆ ಆ ಭಾರದ ಕಲ್ಲು ತಿರುಗುವುದಿಲ್ಲ, ತೊಟ್ಟಿಲಿನಂತೆ ಎಡಕ್ಕೂ ಬಲಕ್ಕೂ ತೂಗುತ್ತದೆ. ತೂಗಿದಾಗ ನನ್ನ ಹೆಬ್ಬೆರಳು ಅದರ ಅಡಿಯಲ್ಲಿತ್ತು.

ಬೆರಳಿಗೆ ತಣ್ಣೀರು ಹಾಕುತ್ತಾ ಅಜ್ಜಿ ಕಥೆ ಹೇಳಿದರು: ಕೊಕ್ಕೋ ಮೊದಲು ಹೆಂಗಸಾಗಿದ್ದಳು, ಸೃಷ್ಟಿಕರ್ತನಾದ ಸಿಬು ಅವಳನ್ನು ಮರವಾಗಿಸಿದನು, ಆದ್ದರಿಂದ ಧಾರ್ಮಿಕ ಕಾರ್ಯಗಳಲ್ಲಿ ಅದನ್ನು ಕಾಯಿಸಿ ಬಡಿಸುವ ಅಧಿಕಾರ ಹೆಂಗಸರದ್ದು. ಬಳಿಕ ನಮ್ಮ ಮನೆಯಲ್ಲಿ ಹೇಗೆ ಕಾಯಿಸುತ್ತಾರೆಂದು ವಿಚಾರಿಸಿದರು. ಆಗ ನನಗೆ ನಿಜವಾಗಿ ನಾಚಿಕೆಯಾಯಿತು. ನಾವು ಕಾಯಿ ಒಡೆದು, ಬಾಲ್ಯದಲ್ಲಿ ಅದರ ಸಿಹಿ ಲೋಳೆಯನ್ನು ಚೀಪಿ, ಹಸಿ ಬೀಜವನ್ನು ತೂಕಕ್ಕೆ ಹಾಕಿ ದುಡ್ಡು ಎಣಿಸಿಕೊಂಡು ಬಂದವರೇ ಹೊರತು, ಇಷ್ಟು ವರ್ಷಗಳಲ್ಲಿ ಒಂದು ಲೋಟವನ್ನೂ ಕಾಯಿಸಿ ಕುಡಿದವರಲ್ಲ.

ಸಕ್ಕರೆಯಿಲ್ಲದ ಆ ಕಪ್ಪು ಪಾನೀಯ ಕಷಾಯಕ್ಕಿಂತ ಒಂದು ಮೆಟ್ಟಿಲು ಮೇಲೆ ಕಹಿಯಾಗಿತ್ತು. ಮುಖ ಕಿವುಚದೆ ಕುಡಿದದ್ದೇ ಆ ಹತ್ತು ದಿನಗಳ ನನ್ನ ಏಕೈಕ ಸಾಧನೆ. ಮರುದಿನ ಅಜ್ಜಿ ನನ್ನ ಯೋಗ್ಯತೆಗೆ ತಕ್ಕ ಕೆಲಸ ಕೊಟ್ಟರು: ಒಣಗಲು ಹಾಕಿದ ಬೀಜಗಳ ಮೇಲೆ ಕೋಳಿಗಳು ಹತ್ತದಂತೆ ಕಾಯುವುದು. ಮೂರು ದಿನ ಕೋಲು ಹಿಡಿದು ಕುಳಿತೆ. ಕೋಳಿಗಳಿಗೆ ನಾನು ಎಂಥವನೆಂದು ಅರ್ಥವಾಗಲು ಅಷ್ಟು ಹೊತ್ತು ಬೇಕಾಗಲಿಲ್ಲ.